ಯಹೂದಿ ಸಮಾಧಿ ಕಲ್ಲುಗಳನ್ನು ಹುಡುಕಿ, ಓದಿ, ನಕ್ಷೆಗೆ ಏರಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಜರ್ಮನಿಯ ವರ್ಮ್ಸ್ ಊರಿನ ಹಳೇ ಯಹೂದಿ ಸ್ಮಶಾನದಲ್ಲಿ ಎರಡು ಕಲ್ಲುಗಳು ಅಕ್ಕಪಕ್ಕ ನಿಂತಿವೆ. ಒಂದು ರೋಟೆನ್‌ಬುರ್ಗ್‌ನ ರಬ್ಬಿ (ಯಹೂದಿ ಧರ್ಮಗುರು) ಮೆಯಿರ್ ಅವರದು. ರಾಜ ಒಂದನೇ ರುಡಾಲ್ಫ್ ಅವರನ್ನು 1286ರಲ್ಲಿ ಸೆರೆಯಲ್ಲಿಟ್ಟ. 1293ರಲ್ಲಿ ಅವರು ಸೆರೆಯಲ್ಲೇ ತೀರಿಕೊಂಡರು. ದೇಹ ಮಣ್ಣಿಗೆ ಸೇರಿದ್ದು 1307ರಲ್ಲಿ. ಅಲೆಕ್ಸಾಂಡರ್ ಬೆನ್ ಸಲೊಮೊ ವಿಂಪ್ಫೆನ್ ಎಂಬವರು ಹಣ ಕಟ್ಟಿ ದೇಹವನ್ನು ಬಿಡಿಸಿಕೊಂಡು ಬಂದರು. ಅದೇ ವರ್ಷ ಅವರೂ ತೀರಿಕೊಂಡರು. ಪಕ್ಕದ ಕಲ್ಲು ಅವರದು.

ಸೆರೆ, ಸಾವು, ಮಣ್ಣು: ಈ ಮೂರೂ ವರ್ಷಗಳು ಮೆಯಿರ್ ಅವರ ಕಲ್ಲಿನ ಮೇಲೆಯೇ ಇವೆ. ಅವನ್ನು ಓದಲು ಜರ್ಮನಿಗೆ ಹೋಗಬೇಕಾಗಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಹೀಬ್ರೂ ಪೂರ್ತಿ ಬರಬೇಕೆಂದೂ ಇಲ್ಲ. 22 ಅಕ್ಷರ ಗುರುತಿಸಲು ಬಂದರೆ ಶುರು ಮಾಡಬಹುದು. ನಮ್ಮಲ್ಲಿ ವೀರಗಲ್ಲು, ನಿಸಿಧಿ ಕಲ್ಲುಗಳ ಮುಂದೆ ಕೂತು ಅಭ್ಯಾಸ ಇರುವವರಿಗಂತೂ ಈ ಕೆಲಸ ಬೇಗ ಕೈಗೆ ಹತ್ತುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಲ್ಲಿನ ಮೇಲೆ ಏನಿದೆ ಅನ್ನುವುದು ಬೇರೆ, ನಾವು ಅದನ್ನು ಏನೆಂದು ಓದಿದೆವು ಅನ್ನುವುದು ಬೇರೆ. ಈ ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಕೆಳಗಿನ ಪ್ರತಿ ಹಂತದಲ್ಲೂ ಇದೇ ಕೈ ಹಿಡಿಯುತ್ತದೆ.

ಹಂತ 1: ಹುಡುಕುತ್ತಿರುವುದು ಏನು?

ಒಬ್ಬ ವ್ಯಕ್ತಿಯನ್ನು ಹುಡುಕುವುದು, ಒಂದು ಸ್ಮಶಾನವನ್ನು ಪೂರ್ತಿ ಓದುವುದು, ಒಂದು ಪ್ರದೇಶದಲ್ಲಿ ಯಾವ್ಯಾವ ಸ್ಮಶಾನ ಉಳಿದಿದೆ ಎಂದು ನೋಡುವುದು. ಇವು ಮೂರು ಬೇರೆ ಕೆಲಸಗಳು. ಇವಕ್ಕೆ ಬೇಕಾಗುವ ಡೇಟಾಬೇಸ್‌ಗಳೂ ಬೇರೆ.

ವ್ಯಕ್ತಿ ಬೇಕಿದ್ದರೆ ಜ್ಯೂಯಿಶ್‌ಜೆನ್ ತಾಣದ ಸಮಾಧಿ ದಾಖಲೆಗಳಿಗೆ ಹೋಗಿ. ಜಗತ್ತಿನ ನಾನಾ ದೇಶಗಳ ಯಹೂದಿ ಸ್ಮಶಾನಗಳ ಲಕ್ಷಾಂತರ ದಾಖಲೆಗಳು ಅಲ್ಲಿವೆ. ನೋಂದಣಿ ಉಚಿತ. ಬಿಲಿಯನ್‌ಗ್ರೇವ್ಸ್, ಫೈಂಡ್ ಎ ಗ್ರೇವ್ ತಾಣಗಳಲ್ಲೂ ಫೋಟೋಗಳು ಸಿಗುತ್ತವೆ. ಆದರೆ ಅಲ್ಲಿ ಹೀಬ್ರೂ ಬರಹವನ್ನು ಪೂರ್ತಿ ಓದಿ ಹಾಕಿರುವುದು ಕಮ್ಮಿ. ಫೋಟೋ ತೆಗೆದುಕೊಳ್ಳಿ, ಓದುವ ಕೆಲಸ ನೀವೇ ಮಾಡಿ.

ಹೆಸರಿನ ಕಾಗುಣಿತಕ್ಕೆ ಅಂಟಿಕೊಂಡರೆ ಕೆಲಸ ಕೆಡುತ್ತದೆ. ಒಂದೇ ಮನೆತನದ ಹೆಸರನ್ನು ಪೋಲಿಷ್, ಜರ್ಮನ್, ರಷ್ಯನ್, ಇಂಗ್ಲಿಷ್‌ನಲ್ಲಿ ನಾಲ್ಕು ತರ ಬರೆದಿರುತ್ತಾರೆ. ಅದಕ್ಕೇ ಜ್ಯೂಯಿಶ್‌ಜೆನ್‌ನಲ್ಲಿ ಉಚ್ಚಾರಣೆಯ ಮೇಲೆ ಹುಡುಕುವ ಆಯ್ಕೆ ಇದೆ. ಅದರ ಹಿಂದಿರುವುದು ಡೈಚ್–ಮೊಕೊಟೊಫ್ ಎಂಬ ಪದ್ಧತಿ. ಪೂರ್ವ ಯುರೋಪಿನ ಯಹೂದಿ ಹೆಸರುಗಳಿಗೆಂದೇ 1985ರಲ್ಲಿ ರೂಪಿಸಿದ್ದು. ಮೊದಲು ಆ ಆಯ್ಕೆಯಲ್ಲಿ ಹುಡುಕಿ, ಜಾಸ್ತಿ ಬಂದರೆ ಊರಿನ ಹೆಸರು ಹಾಕಿ ಸೋಸಿ.

ಒಂದು ಸ್ಮಶಾನವನ್ನು ಆಳವಾಗಿ ಓದಬೇಕಿದ್ದರೆ ಎಪಿಡಾಟ್ ಇದೆ. ಜರ್ಮನಿಯ ಎಸೆನ್ ನಗರದ ಸ್ಟೈನ್‌ಹೈಮ್ ಸಂಸ್ಥೆ ನಡೆಸುತ್ತಿರುವ, ಯಹೂದಿ ಸಮಾಧಿ ಶಾಸನಗಳ ಡೇಟಾಬೇಸ್ ಇದು. ಇಟಲಿಯ ಯಹೂದಿ ಶಾಸನಗಳು, ಇಸ್ರೇಲ್–ಪ್ಯಾಲೆಸ್ತೀನ್‌ನ ಪ್ರಾಚೀನ ಶಾಸನಗಳು ಮತ್ತು ಎಪಿಡಾಟ್ ಮೂರರಲ್ಲೂ ಒಟ್ಟಿಗೆ ಹುಡುಕಬೇಕಿದ್ದರೆ, ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಪೀಸ್ ಪೋರ್ಟಲ್ ಇದೆ.

ಪೂರ್ವ ಯುರೋಪಿನ ಯಾವ ಊರಲ್ಲಿ ಸ್ಮಶಾನ ಉಳಿದಿದೆ ಎಂದು ನೋಡಲು ಇಎಸ್‌ಜೆಎಫ್ ಇದೆ. 2015ರಲ್ಲಿ ಶುರುವಾದ ಸಂಸ್ಥೆ. ಡ್ರೋನ್ ಹಾರಿಸಿ ಸ್ಮಶಾನಗಳ ಗಡಿ ಗುರುತಿಸುತ್ತಾರೆ, ಬೇಲಿ ಹಾಕಿಸುತ್ತಾರೆ. ಉಕ್ರೇನ್, ಮೊಲ್ಡೋವಾ, ಲಿಥುವೇನಿಯಾ ಕಡೆ ಒಂದೂ ಕಲ್ಲು ಉಳಿಯದ ಸ್ಮಶಾನಗಳನ್ನೂ ಪಟ್ಟಿ ಮಾಡಿದ್ದಾರೆ. ನನ್ನ ಮಟ್ಟಿಗೆ ಅವರ ಕೆಲಸದಲ್ಲಿ ಅತಿ ಮುಖ್ಯವಾದ ಭಾಗ ಅದೇ. ಕಲ್ಲೇ ಇಲ್ಲದ ಕಡೆ, ಇಲ್ಲಿ ಸ್ಮಶಾನ ಇತ್ತು ಎಂದು ಹೇಳಲು ನಕ್ಷೆಯ ಮೇಲಿನ ಆ ಗೆರೆ ಒಂದೇ ಇರುವುದು.

ಹಂತ 2: ಎಪಿಡಾಟ್‌ನಲ್ಲಿ ಒಂದು ಸಂಜೆ ಕೂರುವುದು

ಎಪಿಡಾಟ್ ತೆರೆದ ಕೂಡಲೇ ಸ್ಮಶಾನಗಳ ಪಟ್ಟಿ ಸಿಗುತ್ತದೆ. ಜರ್ಮನ್ ಬರದಿದ್ದರೆ ಬ್ರೌಸರಿನ ಅನುವಾದ ಹಾಕಿಕೊಳ್ಳಿ. ಆದರೆ ಹೀಬ್ರೂ ಭಾಗವನ್ನು ಮಾತ್ರ ಯಂತ್ರದ ಕೈಗೆ ಕೊಡಬೇಡಿ. ಸಮಾಧಿ ಕಲ್ಲಿನ ತುಂಬ ಸಂಕ್ಷಿಪ್ತ ರೂಪಗಳೇ ಇರುವುದರಿಂದ ಅನುವಾದ ಪೂರ್ತಿ ದಾರಿ ತಪ್ಪುತ್ತದೆ.

ಶುರುವಿಗೆ ವರ್ಮ್ಸ್ ಆರಿಸಿ. ಅಲ್ಲಿನ ಸ್ಮಶಾನಕ್ಕೆ ‘ಪವಿತ್ರ ಮರಳು’ ಎಂದು ಹೆಸರು. ಅತಿ ಹಳೆಯ ಕಲ್ಲು 1058–59ರದ್ದು, ಇನ್ನೂ ನೆಟ್ಟ ಜಾಗದಲ್ಲೇ ಇದೆ. 2021ರಲ್ಲಿ ಸ್ಪೈಯರ್, ವರ್ಮ್ಸ್, ಮೈನ್ಸ್ ಮೂರೂ ಊರುಗಳ ಯಹೂದಿ ತಾಣಗಳು ಒಟ್ಟಾಗಿ ಯುನೆಸ್ಕೋ ಪಟ್ಟಿಗೆ ಸೇರಿದವು.

ಒಂದು ಕಲ್ಲಿನ ಪುಟದಲ್ಲಿ ಸಾಮಾನ್ಯವಾಗಿ ಕಲ್ಲಿನ ಸಂಖ್ಯೆ, ಹೆಸರು, ದಿನಾಂಕ, ಹೀಬ್ರೂ ಪಾಠ (ಅಂದರೆ ಕಲ್ಲಿನ ಮೇಲಿನ ಬರಹ), ಸಾಲಿಗೆ ಸಾಲು ಜರ್ಮನ್ ಅನುವಾದ, ಟಿಪ್ಪಣಿ ಇರುತ್ತವೆ. ಬಹಳ ಕಡೆ ಫೋಟೋ ಕೂಡ ಇರುತ್ತದೆ. ಮೊದಲು ಫೋಟೋ ನೋಡಿ, ಪಾಠ ಆಮೇಲೆ. ಹೀಬ್ರೂ ಬಲದಿಂದ ಎಡಕ್ಕೆ. ಮೊದಲ ಸಾಲಿನ ಅಕ್ಷರಗಳನ್ನು ಕಾಗದದ ಮೇಲೆ ಕೈಯಲ್ಲಿ ಬರೆದುಕೊಂಡು, ಆಮೇಲೆ ಅವರು ಓದಿದ ಪಾಠದ ಜೊತೆ ಹೋಲಿಸಿ. ಹತ್ತು ಕಲ್ಲು ಹೀಗೆ ಮಾಡಿದರೆ ಕಣ್ಣು ಪಳಗುತ್ತದೆ.

ಪಾಠದಲ್ಲಿ ಬರುವ ಕಂಸಗಳನ್ನು ಗಮನಿಸಿ. ಚೌಕ ಕಂಸದ ಒಳಗಿದ್ದರೆ ಆ ಅಕ್ಷರ ಈಗ ಕಲ್ಲಿನ ಮೇಲಿಲ್ಲ, ಸಂಪಾದಕರು ಊಹಿಸಿ ತುಂಬಿದ್ದು. ನಕಲು ಮಾಡುವಾಗ ಈ ಕಂಸ ಬಿಟ್ಟುಹೋದರೆ ಊಹೆಯೇ ಸಾಕ್ಷಿಯಾಗಿಬಿಡುತ್ತದೆ.

ಎಪಿಡಾಟ್ ದಾಖಲೆಗಳನ್ನು ಎಕ್ಸ್‌ಎಂಎಲ್ ರೂಪದಲ್ಲೂ ಪಡೆಯಬಹುದು. ಶಾಸನಗಳಿಗೆಂದೇ ಇರುವ ಎಪಿಡಾಕ್ ಎಂಬ ಪದ್ಧತಿಯಲ್ಲಿ ಅದು ಇರುತ್ತದೆ. ಕೋಡ್ ಬರೆಯಲು ಬರುವವರಿಗೆ ಇದು ದೊಡ್ಡ ಅನುಕೂಲ. ಬರದವರು ಸುಮ್ನೆ ಬಿಡಿ, ಕೈಯಲ್ಲಿ ಐವತ್ತು ಕಲ್ಲು ಬರೆದುಕೊಂಡರೂ ಒಳ್ಳೆಯ ನಕ್ಷೆ ಆಗುತ್ತದೆ. ಪರವಾನಗಿಯ ಸಾಲು ಓದಿ, ಕಲ್ಲಿನ ಸಂಖ್ಯೆ ಮತ್ತು ಕೊಂಡಿಯನ್ನು ಮರೆಯದೆ ಇಟ್ಟುಕೊಳ್ಳಿ.

ಹಂತ 3: ಕಲ್ಲಿನ ಭಾಷೆ

ಹೆಚ್ಚಿನ ಕಲ್ಲುಗಳು ಎರಡು ಅಕ್ಷರದಿಂದ ಶುರುವಾಗುತ್ತವೆ: ಪೇ ಮತ್ತು ನೂನ್, ಇಲ್ಲವೇ ಪೇ ಮತ್ತು ತೇತ್. ‘ಇಲ್ಲಿ ಹೂಳಲಾಗಿದೆ’, ‘ಇಲ್ಲಿ ಅಡಗಿದ್ದಾರೆ’ ಎಂದು ಅರ್ಥ. ಕೊನೆಗೆ ಐದು ಅಕ್ಷರ ಬರುತ್ತವೆ: ತಾವ್, ನೂನ್, ತ್ಸಾದಿ, ಬೇತ್, ಹೇ. ಇದು ಬೈಬಲ್ಲಿನ ಸಮುವೇಲನ ಮೊದಲ ಪುಸ್ತಕದ ಮಾತಿನಿಂದ ಬಂದದ್ದು. ಆ ಜೀವ ‘ಬದುಕಿನ ಗಂಟಿನಲ್ಲಿ ಕಟ್ಟಿರಲಿ’ ಎಂಬ ಹಾರೈಕೆ. ಈ ತುದಿ, ಆ ತುದಿ ಸಿಕ್ಕಿದರೆ ನಡುವಿನದು ಹೆಸರು, ಅಪ್ಪನ ಹೆಸರು, ಹೊಗಳಿಕೆ, ದಿನಾಂಕ. ಬೆನ್ ಅಂದರೆ ಮಗ, ಬತ್ ಅಂದರೆ ಮಗಳು.

ಇಲ್ಲಿ ಹೊಸಬರು ಬೀಳುವ ಹಳ್ಳ ಒಂದಿದೆ. ಹೆಸರಿನ ಮುಂದೆ ರೇಶ್ ಅಕ್ಷರ, ಅದರ ಮೇಲೊಂದು ಚಿಕ್ಕ ಗೆರೆ ಇರುತ್ತದೆ. ಅದನ್ನು ಕಂಡ ಕೂಡಲೇ ‘ರಬ್ಬಿ’ ಎಂದು ಬರೆದುಬಿಡುತ್ತೇವೆ. ಬಹಳಷ್ಟು ಸಲ ಅದು ನಾವು ‘ಶ್ರೀ’ ಹಾಕಿದ ಹಾಗೆ, ಮರ್ಯಾದೆಯ ಮಾತು ಅಷ್ಟೇ. ಹಳೇ ಪಟ್ಟಿಗಳಲ್ಲಿ ಒಂದೇ ಊರಿಗೆ ನೂರಾರು ರಬ್ಬಿಗಳು ಕಾಣಿಸಿದರೆ ಈ ತಪ್ಪು ಆಗಿದೆಯೇ ಎಂದು ನೋಡಿ.

ಚಿತ್ರಗಳೂ ಮಾತಾಡುತ್ತವೆ. ಆಶೀರ್ವಾದಕ್ಕೆ ಚಾಚಿದ ಎರಡು ಕೈ ಇದ್ದರೆ ಕೊಹೆನ್, ಅಂದರೆ ಪುರೋಹಿತ ವಂಶ. ನೀರಿನ ಹೂಜಿ ಇದ್ದರೆ ಲೇವಿ ವಂಶ. ಮೇಣದ ಬತ್ತಿಯ ಕಂಬ ಹೆಚ್ಚಾಗಿ ಹೆಂಗಸರ ಕಲ್ಲಿನ ಮೇಲೆ. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ ದೀಪ ಹಚ್ಚುವವರು ಅವರೇ ಅಲ್ವಾ. ಜಿಂಕೆ ಇದ್ದರೆ ಹೆಸರು ತ್ಸ್ವಿ ಅಥವಾ ಹಿರ್ಷ್ ಇರಬಹುದು, ಎರಡರ ಅರ್ಥವೂ ಜಿಂಕೆಯೇ. ಸಿಂಹ ಇದ್ದರೆ ಯೆಹೂದ ಅಥವಾ ಲೈಬ್. ಬರಹ ಅಳಿಸಿ ಚಿತ್ರ ಮಾತ್ರ ಉಳಿದಿದ್ದರೆ ಈ ಸುಳಿವು ದೊಡ್ಡದು. ಆದರೂ ಅದು ಸುಳಿವು, ಹೆಸರಿನ ಕಾಲಂನಲ್ಲಿ ಅದನ್ನು ತುಂಬಬೇಡಿ.

ಹಂತ 4: ವರ್ಷ ಲೆಕ್ಕ ಹಾಕುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ತಪ್ಪು ಜಾಸ್ತಿ ಆಗುವುದು ಇಲ್ಲೇ.

ಹೀಬ್ರೂನಲ್ಲಿ ಅಕ್ಷರವೇ ಅಂಕಿ. ಅಲೆಫ್ 1, ಬೇತ್ 2, ಹೀಗೆ ಯೋದ್ 10ರವರೆಗೆ. ಆಮೇಲೆ ಹತ್ತುಗಳು, ಆಮೇಲೆ ಕೋಫ್ 100, ರೇಶ್ 200, ಶಿನ್ 300, ತಾವ್ 400. ನಮ್ಮ ಕಟಪಯಾದಿ ಲೆಕ್ಕ ಗೊತ್ತಿರುವವರಿಗೆ ಅಕ್ಷರದಿಂದ ಅಂಕಿ ತೆಗೆಯುವುದು ಹೊಸದಲ್ಲ. ಆದರೆ ಇಲ್ಲಿ ಸ್ಥಾನಬೆಲೆ ಇಲ್ಲ, ಎಲ್ಲವನ್ನೂ ಕೂಡುತ್ತಾ ಹೋಗಬೇಕು.

ತಾವ್, ರೇಶ್, ತ್ಸಾದಿ, ತೇತ್ ಎಂದು ಇದೆ ಅಂದುಕೊಳ್ಳಿ. 400, 200, 90, 9. ಒಟ್ಟು 699. ಸಾವಿರದ ಅಂಕಿಯನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಹಾಗೆ ಬಿಟ್ಟಿದ್ದೇವೆ ಎಂದು ಹೇಳಲು ಲಾಮೆದ್, ಪೇ, ಕೋಫ್ ಎಂದು ಪಕ್ಕದಲ್ಲಿ ಕೆತ್ತಿರುತ್ತಾರೆ, ‘ಚಿಕ್ಕ ಎಣಿಕೆಯಂತೆ’ ಎಂದು. ಹಾಗಾಗಿ ಇದು 5699. ಸುಲಭ ಸೂತ್ರ: ಮೂರಂಕಿಗೆ 1240 ಕೂಡಿ. 1939 ಬಂತು.

ಆದರೆ ಹೀಬ್ರೂ ವರ್ಷ ಶುರುವಾಗುವುದು ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. 5699 ಹುಟ್ಟಿದ್ದು 1938ರ ಸೆಪ್ಟೆಂಬರ್ ಕೊನೆಗೆ. ಕಲ್ಲಿನ ಮೇಲೆ ಆ ವರ್ಷದ ಮೊದಲ ತಿಂಗಳುಗಳಾದ ತಿಶ್ರಿ, ಹೆಶ್ವಾನ್, ಕಿಸ್ಲೇವ್ ಇದ್ದರೆ 1240ರ ಬದಲು 1239 ಕೂಡಬೇಕು. ಟೇವೆತ್ ತಿಂಗಳು ಡಿಸೆಂಬರ್–ಜನವರಿಗೆ ಹರಡಿಕೊಂಡಿರುತ್ತದೆ, ಅದನ್ನು ದಿನಾಂಕ ಪರಿವರ್ತಕದಲ್ಲೇ (ಅದರ ಬಗ್ಗೆ ಕೆಳಗೆ ಹೇಳುತ್ತೇನೆ) ನೋಡಿ. ನಾನು ಮೊದಲ ಪಟ್ಟಿ ಮಾಡಿದಾಗ ಇದನ್ನು ಮರೆತು, ಚಳಿಗಾಲದ ಸಾವುಗಳೆಲ್ಲ ಒಂದು ವರ್ಷ ಮುಂದೆ ಹೋಗಿದ್ದವು. ಪೂರ್ತಿ ಕಾಲಂ ತಿರುಗಿ ತಿದ್ದಬೇಕಾಯಿತು.

ಇನ್ನೂ ಹತ್ತಿರದಿಂದ ನೋಡೋಣ. 1938ರ ನವೆಂಬರ್ 9, ಬುಧವಾರ. ಅಂದು ರಾತ್ರಿ ಜರ್ಮನಿಯ ಉದ್ದಗಲಕ್ಕೂ ಯಹೂದಿಗಳ ಮೇಲೆ, ಅವರ ಸಿನಗಾಗ್‌ಗಳ (ಪ್ರಾರ್ಥನಾ ಮಂದಿರಗಳ) ಮೇಲೆ ದಾಳಿ ನಡೆಯಿತು. ಹೀಬ್ರೂ ಲೆಕ್ಕದಲ್ಲಿ ಅಂದಿನ ಹಗಲು 15 ಹೆಶ್ವಾನ್. ಅದನ್ನು ತೇತ್–ವಾವ್ ಎಂದು, 9 ಮತ್ತು 6 ಸೇರಿಸಿ ಬರೆಯುತ್ತಾರೆ. 10 ಮತ್ತು 5 ಸೇರಿಸಿದರೆ ದೇವರ ಹೆಸರಿನ ಅಕ್ಷರಗಳಾಗುತ್ತವೆ, ಅದಕ್ಕೆ ಹಾಗೆ ಬರೆಯುವುದಿಲ್ಲ. ಹೀಬ್ರೂ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಅಂದರೆ ಆ ರಾತ್ರಿ ಹನ್ನೆರಡಕ್ಕೆ ಮುಂಚೆ ತೀರಿಕೊಂಡವರ ಕಲ್ಲಿನ ಮೇಲೆ 16 ಹೆಶ್ವಾನ್ ಇರಬೇಕು. ಪರಿವರ್ತಕಕ್ಕೆ 16 ಹೆಶ್ವಾನ್ ಎಂದು ಕೊಟ್ಟರೆ ಅದು ನವೆಂಬರ್ 10 ಎನ್ನುತ್ತದೆ. ಸರ್ಕಾರಿ ದಾಖಲೆ 9 ಎನ್ನುತ್ತದೆ. ಎರಡೂ ಸರಿ.

ಹೆಬ್‌ಕ್ಯಾಲ್ ತಾಣದ ದಿನಾಂಕ ಪರಿವರ್ತಕ ಬಳಸಿ, ಅದರಲ್ಲಿ ‘ಸೂರ್ಯಾಸ್ತದ ನಂತರ’ ಎಂಬ ಆಯ್ಕೆಯೂ ಇದೆ. ಕಲ್ಲಿನ ಮೇಲೆ ವಾರ ಕೊಟ್ಟಿದ್ದರೆ ಅದು ಚಿನ್ನದಂಥ ಸಾಕ್ಷಿ. ಅಲೆಫ್ ಅಂದರೆ ಭಾನುವಾರ, ದಾಲೆತ್ ಅಂದರೆ ಬುಧವಾರ. ಪರಿವರ್ತಕ ಕೊಡುವ ವಾರಕ್ಕೂ ಕಲ್ಲಿನ ವಾರಕ್ಕೂ ತಾಳೆ ಆಗದಿದ್ದರೆ ನೀವು ಯಾವುದೋ ಅಕ್ಷರ ತಪ್ಪು ಓದಿರಬಹುದು. ದಾಲೆತ್ ಮತ್ತು ರೇಶ್ ನೋಡಲು ಅಣ್ಣತಮ್ಮಂದಿರ ಹಾಗೆ, ಆದರೆ ಒಂದರ ಬೆಲೆ 4, ಇನ್ನೊಂದರದು 200. ಹೇ ಮತ್ತು ಹೇತ್, ಬೇತ್ ಮತ್ತು ಕಾಫ್ ಕೂಡ ಹಾಗೇ. 1582ಕ್ಕಿಂತ ಹಿಂದಿನ ಕಲ್ಲಾದರೆ ಪರಿವರ್ತಕ ಕೊಡುತ್ತಿರುವುದು ಹಳೇ ಜೂಲಿಯನ್ ಕ್ಯಾಲೆಂಡರಿನ ದಿನಾಂಕವೋ ಇವತ್ತಿನ ಗ್ರೆಗೋರಿಯನ್ ದಿನಾಂಕವೋ ನೋಡಿ, ಅದನ್ನೂ ಬರೆದಿಡಿ.

ರಬ್ಬಿ ಮೆಯಿರ್ ಅವರ ಕಲ್ಲಿಗೆ ಮತ್ತೆ ಬನ್ನಿ. ಆರನೇ ಸಾವಿರದ 46, 53, 67. 1240 ಕೂಡಿ ನೋಡಿ: 1286, 1293, 1307. ಅದೇ ಸ್ಮಶಾನದ ಅತಿ ಹಳೆಯ ಕಲ್ಲಿಗೆ ಮಾತ್ರ ಈ ಸೂತ್ರ ನಡೆಯದು. ಅದು 4819ನೇ ವರ್ಷದ್ದು. 1240ಕ್ಕಿಂತ ಹಿಂದಿನ ಕಲ್ಲುಗಳಲ್ಲಿ ಬಿಟ್ಟ ಸಾವಿರ ಐದಲ್ಲ, ನಾಲ್ಕು. ಅಲ್ಲಿ 240 ಕೂಡಬೇಕು.

ಕೆಲವು ಕಲ್ಲುಗಳಲ್ಲಿ ವರ್ಷವನ್ನು ಒಂದು ಬೈಬಲ್ ವಾಕ್ಯದೊಳಗೆ ಬಚ್ಚಿಟ್ಟಿರುತ್ತಾರೆ. ಕೆಲವು ಅಕ್ಷರಗಳ ಮೇಲೆ ಚುಕ್ಕೆ ಇರುತ್ತದೆ, ಅವನ್ನಷ್ಟೇ ಕೂಡಿದರೆ ವರ್ಷ. ಫೋಟೋದಲ್ಲಿ ಚುಕ್ಕೆ ಕಲೆಯ ಹಾಗೆ ಕಾಣುತ್ತದೆ. ದೊಡ್ಡದು ಮಾಡಿ ನೋಡಿ.

ಹಂತ 5: ನಿಮ್ಮದೇ ಪಟ್ಟಿ

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕಲ್ಲಿಗೆ ಒಂದು ಸಾಲು. ಈ ಕಾಲಂಗಳು ಇರಲಿ:

– ಕಲ್ಲಿನ ಸಂಖ್ಯೆ, ಡೇಟಾಬೇಸ್ ಕೊಂಡಿ
– ಕಲ್ಲಿನ ಮೇಲಿರುವ ಪಾಠ, ಇದ್ದ ಹಾಗೇ, ಸಂಕ್ಷಿಪ್ತ ರೂಪ ಬಿಡಿಸದೆ
– ಬಿಡಿಸಿದ ಪಾಠ
– ಕನ್ನಡ ಅನುವಾದ
– ಹೀಬ್ರೂ ದಿನಾಂಕ, ಕಲ್ಲಿನಲ್ಲಿ ಇದ್ದಂತೆ
– ಪರಿವರ್ತಿಸಿದ ವರ್ಷ
– ಓದು ಎಷ್ಟು ಖಚಿತ: ಖಚಿತ, ಅನುಮಾನ, ಊಹೆ
– ಅಕ್ಷಾಂಶ, ರೇಖಾಂಶ
– ಕಲ್ಲು ಮುಖ ಮಾಡಿರುವ ದಿಕ್ಕು

ವರ್ಷವನ್ನು ಬರೀ ಅಂಕಿಯಾಗಿ ಹಾಕಿ. ಎಕ್ಸೆಲ್ 1900ಕ್ಕಿಂತ ಹಿಂದಿನ ದಿನಾಂಕವನ್ನು ದಿನಾಂಕ ಎಂದೇ ಒಪ್ಪುವುದಿಲ್ಲ. ಫೈಲನ್ನು ಯುಟಿಎಫ್–8 ಸಿಎಸ್‌ವಿ ಆಗಿ ಉಳಿಸಿ, ಇಲ್ಲದಿದ್ದರೆ ಹೀಬ್ರೂ ಮತ್ತು ಕನ್ನಡ ಎರಡೂ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಒಂದೇ ಕೋಶದಲ್ಲಿ ಹೀಬ್ರೂ ಮತ್ತು ಕನ್ನಡ ಬೆರೆಸಬೇಡಿ. ಒಂದು ಬಲದಿಂದ, ಇನ್ನೊಂದು ಎಡದಿಂದ ಹರಿಯುವುದರಿಂದ ಕಂಸ, ಅಂಕಿಗಳು ಜಾಗ ಬದಲಿಸಿದ ಹಾಗೆ ಕಾಣುತ್ತವೆ.

ಹಂತ 6: ನಕ್ಷೆಗೆ ಏರಿಸುವುದು

ಕ್ಯೂಜಿಐಎಸ್ ನಕ್ಷೆ ಮಾಡುವ ಉಚಿತ ತಂತ್ರಾಂಶ, ಇದಕ್ಕೆ ಸಾಕು. ಲೇಯರ್ ಮೆನುವಿನಲ್ಲಿ ‘ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಆರಿಸಿ, ಸಿಎಸ್‌ವಿ ಕೊಡಿ. ಎಕ್ಸ್ ಜಾಗಕ್ಕೆ ರೇಖಾಂಶ, ವೈ ಜಾಗಕ್ಕೆ ಅಕ್ಷಾಂಶ. ನಿರ್ದೇಶಾಂಕ ಪದ್ಧತಿ ಇಪಿಎಸ್‌ಜಿ 4326, ಅಂದರೆ ಮಾಮೂಲಿ ಅಕ್ಷಾಂಶ–ರೇಖಾಂಶದ್ದು. ವರ್ಮ್ಸ್ ಇರುವುದು ಸುಮಾರು 49.6 ಉತ್ತರ, 8.4 ಪೂರ್ವದಲ್ಲಿ. ಎರಡನ್ನೂ ಅದಲುಬದಲು ಮಾಡಿದರೆ ನಿಮ್ಮ ಕಲ್ಲುಗಳೆಲ್ಲ ಸೊಮಾಲಿಯಾ ಕಡೆ ಹೋಗಿ ಕೂರುತ್ತವೆ. ಹಾಗೆ ಕಂಡರೆ ಗಾಬರಿ ಬೇಡ, ಕಾಲಂ ಬದಲಿಸಿ.

ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ ಹಾಕಿಕೊಳ್ಳಿ. ಕಲ್ಲುಗಳ ನಡುವಿನ ದೂರ ಅಳೆಯಬೇಕಿದ್ದರೆ ಪ್ರಾಜೆಕ್ಟನ್ನು ಯುಟಿಎಂ ವಲಯ 32ಕ್ಕೆ ಬದಲಿಸಿ. ಆಗ ಲೆಕ್ಕ ಮೀಟರಿನಲ್ಲಿ ಬರುತ್ತದೆ. ಶೈಲಿಯಲ್ಲಿ ಶತಮಾನಕ್ಕೊಂದು ಬಣ್ಣ ಕೊಡಿ. ಟೆಂಪೊರಲ್ ಕಂಟ್ರೋಲರ್ ಬಳಸಿದರೆ ವರ್ಷದಿಂದ ವರ್ಷಕ್ಕೆ ಸ್ಮಶಾನ ಬೆಳೆದ ಬಗೆ ಚಲನಚಿತ್ರದಂತೆ ಓಡುತ್ತದೆ. ಸಾಲುಗಳು ಯಾವ ಕಡೆಯಿಂದ ತುಂಬಿದವು, ಎಲ್ಲಿ ಮಕ್ಕಳನ್ನು ಬೇರೆಯಾಗಿ ಮಣ್ಣು ಮಾಡಿದರು, ಕೊಹೆನ್ ವಂಶದವರ ಗೋರಿಗಳು ದಾರಿಯ ಅಂಚಿನಲ್ಲಿವೆಯೇ, ಇವೆಲ್ಲ ಪಟ್ಟಿಯಲ್ಲಿ ಕಾಣುವುದಿಲ್ಲ, ನಕ್ಷೆಯಲ್ಲಿ ಕಾಣುತ್ತವೆ.

ದಿಕ್ಕಿನ ಕಾಲಂ ಯಾಕೆ ಹೇಳಿದೆ ಗೊತ್ತಾ? ಯುರೋಪಿನ ಯಹೂದಿ ಸ್ಮಶಾನಗಳಲ್ಲಿ ಜೆರುಸಲೇಮಿನ ಕಡೆಗೆ, ಅಂದರೆ ಪೂರ್ವಕ್ಕೆ ಮುಖ ಇರುವುದು ವಾಡಿಕೆ. ವರ್ಮ್ಸ್‌ನ ಹಳೇ ಭಾಗದ ಕಲ್ಲುಗಳು ದಕ್ಷಿಣಕ್ಕೆ ತಿರುಗಿವೆ. ಬಾಣದ ಗುರುತು ಹಾಕಿ ದಿಕ್ಕಿನ ಕಾಲಂಗೆ ತಕ್ಕಂತೆ ತಿರುಗಿಸಿದರೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಒಂದು ಇಡೀ ಜಿಲ್ಲೆಯ ಸ್ಮಶಾನಗಳು ಬೇಕಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಹುಡುಕಿಕೊಡುವ ಓವರ್‌ಪಾಸ್ ಟರ್ಬೋ ತಾಣದಲ್ಲಿ ಕೇಳಬಹುದು. ಭೂಬಳಕೆ ಸ್ಮಶಾನ, ಧರ್ಮ ಯಹೂದಿ ಎಂಬ ಎರಡು ಟ್ಯಾಗ್‌ಗಳನ್ನು ಇಂಗ್ಲಿಷಿನಲ್ಲಿ (landuse=cemetery, religion=jewish) ಕೊಟ್ಟು ಹುಡುಕಿ, ಫಲಿತಾಂಶವನ್ನು ಕ್ಯೂಜಿಐಎಸ್‌ಗೆ ತನ್ನಿ. ಹಳೇ ಆಸ್ಟ್ರಿಯಾ–ಹಂಗೆರಿ ಪ್ರದೇಶವಾದರೆ ಆರ್ಕೇನಂ ತಾಣದಲ್ಲಿ 18, 19ನೇ ಶತಮಾನದ ಸೇನಾ ಸರ್ವೆ ನಕ್ಷೆಗಳು ಇವತ್ತಿನ ನಕ್ಷೆಯ ಮೇಲೆ ಕೂತಿವೆ. ಈಗ ಆಟದ ಮೈದಾನ ಆಗಿರುವ ಜಾಗದಲ್ಲಿ ಆಗ ಸ್ಮಶಾನ ಇತ್ತೇ ಎಂದು ಅಲ್ಲಿ ನೋಡಬಹುದು.

ಜಾಗ ಬಿಟ್ಟು ಹೋದ ಕಲ್ಲುಗಳು

ಸಿಕ್ಕ ಜಾಗವೇ ಸಮಾಧಿಯ ಜಾಗ ಎಂದು ನಂಬಬೇಡಿ. 1519ರಲ್ಲಿ ರೆಗೆನ್ಸ್‌ಬುರ್ಗ್‌ನಿಂದ ಯಹೂದಿಗಳನ್ನು ಹೊರದಬ್ಬಿದ ಮೇಲೆ ಅವರ ಸಮಾಧಿ ಕಲ್ಲುಗಳನ್ನು ಕಿತ್ತು ಊರಿನ ಮನೆಗಳ ಗೋಡೆಗೆ ಸೇರಿಸಿದರು. ವೂರ್ಟ್ಸ್‌ಬುರ್ಗ್‌ನಲ್ಲಿ 1987ರಲ್ಲಿ ಒಂದು ಹಳೇ ಕಟ್ಟಡ ಕೆಡವಿದಾಗ ಗೋಡೆಗಳ ಒಳಗಿಂದ ಮಧ್ಯಯುಗದ ಸುಮಾರು 1,500 ಯಹೂದಿ ಸಮಾಧಿ ಕಲ್ಲುಗಳು ಮತ್ತು ತುಂಡುಗಳು ಹೊರಬಂದವು. ನಾತ್ಸಿಗಳ ಕಾಲದಲ್ಲಿ ಪೋಲೆಂಡಿನಲ್ಲಿ ಇಂಥ ಕಲ್ಲುಗಳನ್ನು ರಸ್ತೆಗೆ ಹಾಸಿದರು.

ಹಾಗಾಗಿ ಸ್ಥಳಕ್ಕೆ ಎರಡು ಜೋಡಿ ಕಾಲಂ ಮಾಡಿ: ಸಿಕ್ಕ ಜಾಗ, ಮೂಲ ಜಾಗ. ಮೂಲ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಎರಡೂ ಗೊತ್ತಿದ್ದರೆ ನಕ್ಷೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯಿರಿ. ನಾನು ನೋಡಿದ ನಕ್ಷೆಗಳಲ್ಲಿ ಮನಸ್ಸು ಕಲಕಿದ್ದು ಇಂಥ ಗೆರೆಗಳೇ.

ನಮ್ಮ ಹತ್ತಿರದಲ್ಲಿ

ಭಾರತದಲ್ಲೂ ಈ ಕೆಲಸಕ್ಕೆ ಜಾಗವಿದೆ. ಕೇರಳದ ಚೇಂದಮಂಗಲಂ ಸಿನಗಾಗ್ ಮುಂದೆ ಸಾರಾ ಬತ್ ಇಸ್ರೇಲ್ ಎಂಬ ಹೆಂಗಸಿನ ಸಮಾಧಿ ಕಲ್ಲಿದೆ, 1269ರದ್ದು. ಕೊಂಕಣದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಕಲ್ಲುಗಳಲ್ಲಿ ಹೀಬ್ರೂ ಜೊತೆ ಮರಾಠಿ ಇರುತ್ತದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಒಂದು ಪುಟ್ಟ ಯಹೂದಿ ಸ್ಮಶಾನ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1904ರಲ್ಲಿ ಸಿಕ್ಕ ಜಾಗ ಅದು. ಎರಡು–ಮೂರು ಭಾಷೆಯ ಕಲ್ಲಾದರೆ ಪ್ರತಿ ಭಾಷೆಯ ಪಾಠಕ್ಕೂ ಬೇರೆ ಕಾಲಂ ಬೇಕು. ಹೀಬ್ರೂವಿನಲ್ಲಿ ಇರುವುದೇ ಇನ್ನೊಂದರಲ್ಲೂ ಇರುತ್ತದೆ ಎಂದೇನಿಲ್ಲ.

ಇಂಥ ಕಡೆ ಹೋಗುವುದಾದರೆ ಮೊದಲು ಉಸ್ತುವಾರಿ ಇರುವವರ ಅನುಮತಿ ಕೇಳಿ. ಶನಿವಾರ ಮತ್ತು ಯಹೂದಿ ಹಬ್ಬದ ದಿನ ಬೇಡ. ಗಂಡಸರು ತಲೆಗೆ ಟೋಪಿ ಹಾಕಿಕೊಳ್ಳಿ. ಗೋರಿಯ ಮೇಲೆ ಕಾಲಿಡಬೇಡಿ, ಹೊರಬರುವಾಗ ಕೈ ತೊಳೆಯಿರಿ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಕ್ರೀಮ್ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ತಂತಿ ಬ್ರಷ್ ಅಂತೂ ಮುಟ್ಟಲೇ ಬೇಡಿ. ಬೆಳಕೇ ಸಾಕು. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ನೆರಳಿನಲ್ಲಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ನಡು ಮಧ್ಯಾಹ್ನ ಬರೀ ಕಲ್ಲಾಗಿದ್ದದ್ದು ಸಂಜೆ ಐದಕ್ಕೆ ಸಾಲು ಸಾಲಾಗಿ ಓದಿಸಿಕೊಳ್ಳುತ್ತದೆ. ಪೂರ್ತಿ ಕಲ್ಲಿನದೊಂದು, ಬರಹದ ಹತ್ತಿರದ್ದು ನಾಲ್ಕು, ಹಿಂಬದಿಯದು ಒಂದು, ಅಕ್ಕಪಕ್ಕದ ಗೋರಿಗಳೂ ಕಾಣುವಂಥದ್ದು ಒಂದು ಫೋಟೋ ಇರಲಿ. ಫೋನಿನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಪಕ್ಕದ ಗೋರಿ ಯಾವುದು ಎಂದು ಹೇಳಲು ಆ ಕೊನೆಯ ಫೋಟೋ ಬೇಕು.

ಕಲ್ಲಿನ ನೆತ್ತಿಯ ಮೇಲೆ ಚಿಕ್ಕ ಚಿಕ್ಕ ಕಲ್ಲುಗಳನ್ನು ಯಾರಾದರೂ ಇಟ್ಟಿರುತ್ತಾರೆ. ನೋಡಲು ಬಂದವರು ನೆನಪಿಗೆ ಇಟ್ಟು ಹೋದದ್ದು. ಅಕ್ಷರಕ್ಕೆ ಅಡ್ಡ ಬಂದರೂ ಸರಿಸಬೇಡಿ, ಸ್ವಲ್ಪ ಓರೆಯಾಗಿ ನಿಂತು ಫೋಟೋ ತೆಗೆಯಿರಿ.